ವೆಡರ್‌ಬರ್ನ್ ಸಾಹೇಬನ ಬದುಕನ್ನು ಸಾಲದ ಜಾಡು ಹಿಡಿದು ಬರೆದದ್ದು

ನಮ್ಮ ಸಹಕಾರಿ ಸಂಘದ ಸ್ಮರಣ ಸಂಚಿಕೆಗೆ ವಿಲಿಯಂ ವೆಡರ್‌ಬರ್ನ್ ಬಗ್ಗೆ ಬರೆಯಲು ಒಪ್ಪಿಕೊಂಡಾಗ ಮೊದಲು ಕೈಗೆ ಸಿಕ್ಕಿದ್ದು ಹುದ್ದೆಗಳ ಪಟ್ಟಿ. 1838ರಲ್ಲಿ ಎಡಿನ್‌ಬರೋದಲ್ಲಿ ಜನನ. 1860ರಲ್ಲಿ ಮುಂಬೈ ಪ್ರಾಂತದ ಸಿವಿಲ್ ಸರ್ವಿಸ್. ಕೆಲಸ ಶುರುವಾದದ್ದು ನಮ್ಮ ಧಾರವಾಡದಲ್ಲೇ, ಅಸಿಸ್ಟೆಂಟ್ ಕಲೆಕ್ಟರ್ ಆಗಿ. ಆಮೇಲೆ ಸಿಂಧ್, 1882ರಲ್ಲಿ ಪುಣೆಯ ಜಿಲ್ಲಾ ನ್ಯಾಯಾಧೀಶ, 1887ರಲ್ಲಿ ಮುಂಬೈ ಸರ್ಕಾರದ ಹಂಗಾಮಿ ಮುಖ್ಯ ಕಾರ್ಯದರ್ಶಿಯಾಗಿದ್ದಾಗ ನಿವೃತ್ತಿ. ಅಲ್ಲಿಂದ ಮುಂದೆ ರಾಜಕಾರಣ: 1889 ಮತ್ತು 1910ರಲ್ಲಿ ಕಾಂಗ್ರೆಸ್ ಅಧ್ಯಕ್ಷ, ನಡುವೆ ಬ್ರಿಟಿಷ್ ಸಂಸತ್ತಿನ ಸದಸ್ಯ. ಇಷ್ಟನ್ನೇ ಜೋಡಿಸಿಟ್ಟರೆ ಸರ್ಕಾರಿ ನೌಕರನ ಸೇವಾ ಪುಸ್ತಕ ಓದಿದ ಹಾಗಾಗುತ್ತಿತ್ತು.

ಆದ್ದರಿಂದ ಒಂದೇ ಪ್ರಶ್ನೆ ಇಟ್ಟುಕೊಂಡೆ: ರೈತನ ಸಾಲದ ಬಗ್ಗೆ ಈತ ಏನು ಮಾಡಲು ಹೊರಟ? ಅದಕ್ಕೆ ಸಂಬಂಧಿಸಿದ್ದಕ್ಕೆಲ್ಲ ಜಾಗ ಕೊಟ್ಟೆ, ಉಳಿದದ್ದನ್ನು ಒಂದೊಂದು ಸಾಲಿನಲ್ಲಿ ಮುಗಿಸಿದೆ.

ಕಥೆ ನಿಜವಾಗಿ ಹಿಡಿತಕ್ಕೆ ಬಂದದ್ದು ಪುಣೆಯಲ್ಲಿ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. 1879ರಲ್ಲಿ ಬಂದ ಕಾಯ್ದೆ, ಪತ್ರದಲ್ಲಿ ಬರೆದದ್ದನ್ನಷ್ಟೇ ನಂಬದೆ ಸಾಲದ ಹಿಂದಿನ ಲೆಕ್ಕವನ್ನೂ ಕೆದಕುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟಿತು. ಸರಿ, ಸಾಹುಕಾರ ಕೈ ಹಿಂತೆಗೆದರೆ ಬಿತ್ತನೆ ಹೊತ್ತಿಗೆ ರೈತನಿಗೆ ದುಡ್ಡು ಕೊಡುವವರು ಯಾರು? ವೆಡರ್‌ಬರ್ನ್ ತಲೆಕೆಡಿಸಿಕೊಂಡದ್ದು ಇದಕ್ಕೆ. ಮಹಾದೇವ ಗೋವಿಂದ ರಾನಡೆಯವರೂ ಜೊತೆಗಿದ್ದರು. ಪುರಂದರ ತಾಲ್ಲೂಕಿನಲ್ಲಿ ಪ್ರಯೋಗಕ್ಕೆಂದು ಒಂದು ಕೃಷಿ ಬ್ಯಾಂಕಿನ ಯೋಜನೆ ಸಿದ್ಧವಾಯಿತು.

ಅದನ್ನು ವಿವರಿಸುವಾಗ ಅರ್ಥಶಾಸ್ತ್ರದ ಭಾಷೆ ಬಿಟ್ಟು, ನಮ್ಮ ಸಂಘದ ಕೌಂಟರಿನಲ್ಲಿ ದಿನಾ ಕೇಳುವ ಮಾತಿನಲ್ಲೇ ಬರೆದೆ. ಮೊದಲು ಸಾಹುಕಾರರ ಜೊತೆ ರಾಜಿ ಮಾಡಿಸಿ ಹಳೇ ಬಾಕಿ ಚುಕ್ತಾ ಮಾಡುವುದು. ಆಮೇಲೆ ಬ್ಯಾಂಕು ಕಡಿಮೆ ಬಡ್ಡಿಗೆ ಹೊಸ ಸಾಲ ಕೊಡುವುದು. ವಸೂಲಿಗೆ ಕಂದಾಯ ಇಲಾಖೆಯ ನೆರವು. ಈ ಕೊನೆಯದನ್ನು ಓದಿದ ಕೂಡಲೇ ನಮ್ಮ ಮ್ಯಾನೇಜರ್ ನಕ್ಕರು. ವಸೂಲಿಗೆ ಓಡಾಡಿದವರಿಗೆ ಮಾತ್ರ ಆ ನಗು ಗೊತ್ತು. ವೈಸರಾಯ್ ರಿಪನ್‌ನ ಸರ್ಕಾರ ಯೋಜನೆಗೆ ಒಪ್ಪಿತು. ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸು ತಿರಸ್ಕರಿಸಿತು. ಕಡತ ಅಲ್ಲಿಗೆ ಮುಚ್ಚಿತು.

ಅಧಿಕಾರಿ ರಾಜಕಾರಣಿಯಾದದ್ದಕ್ಕೆ ಈ ತಿರಸ್ಕಾರವೇ ಕೀಲಿಕೈ ಎಂದು ನಾನು ಓದಿಕೊಂಡೆ. ಬೇರೆಯವರು ಬೇರೆ ರೀತಿ ಓದಬಹುದು. ತೀರ್ಮಾನ ಆಗುವುದು ಲಂಡನ್ನಿನಲ್ಲಾದರೆ ಹೋಗಿ ಕೂರಬೇಕಾದದ್ದೂ ಅಲ್ಲೇ ತಾನೆ? 1892ರಲ್ಲಿ ಉತ್ತರ ಏರ್‌ಶೈರ್‌ನಲ್ಲಿ ನಿಂತು ಸೋತ; ಮರುವರ್ಷ ಬ್ಯಾನ್‌ಫ್‌ಶೈರ್ ಉಪಚುನಾವಣೆಯಲ್ಲಿ ಲಿಬರಲ್ ಪಕ್ಷದಿಂದ ಗೆದ್ದು 1900ರವರೆಗೆ ಸದಸ್ಯನಾಗಿದ್ದ. ಸಂಸತ್ತಿನ ಚರ್ಚೆಗಳ ದಾಖಲೆ ಹ್ಯಾನ್ಸಾರ್ಡ್ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆತನ ಹೆಸರಿನಡಿ ವರ್ಷವಾರು ಓದುತ್ತ ಹೋದೆ. ಭಾಷಣಗಳಿಗಿಂತ ಪುಟ್ಟ ಪುಟ್ಟ ಪ್ರಶ್ನೆಗಳೇ ಹೆಚ್ಚು ಉಪಯೋಗಕ್ಕೆ ಬಂದವು. ಭಾಷಣದಲ್ಲಿ ಎಲ್ಲರೂ ದೊಡ್ಡವರೇ, ಯಾವ ವಿಷಯ ಮನಸ್ಸಿಗೆ ಹತ್ತಿದೆ ಎಂಬುದು ಪ್ರಶ್ನೆಯಲ್ಲಿ ತಿಳಿಯುತ್ತದೆ.

ಭಾರತದ ಖರ್ಚುವೆಚ್ಚ ಪರಿಶೀಲಿಸಲು 1895ರಲ್ಲಿ ನೇಮಕವಾದ ವೆಲ್ಬಿ ಆಯೋಗಕ್ಕೂ ಒಂದು ಪುಟ ಕೊಟ್ಟೆ. ದಾದಾಭಾಯಿ ನವರೋಜಿ, ಬ್ರಿಟಿಷ್ ರಾಜಕಾರಣಿ ಡಬ್ಲ್ಯೂ. ಎಸ್. ಕೇನ್ ಜೊತೆ ವೆಡರ್‌ಬರ್ನ್ ಕೂಡ ಸದಸ್ಯ. 1897ರಲ್ಲಿ ಗೋಖಲೆಯವರು ಬಂದು ಸಾಕ್ಷ್ಯ ನುಡಿದದ್ದು ಇದರ ಮುಂದೆಯೇ. ಮೂವರೂ ಬಹುಮತದ ವರದಿಗೆ ಒಪ್ಪದೆ ಭಿನ್ನ ವರದಿ ಬರೆದರು.

ಹೊಗಳಿಕೆ ಮಿತಿಮೀರದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸವಾಗಿತ್ತು. ಆತ ಸಾಮ್ರಾಜ್ಯದ ವಿರೋಧಿಯಲ್ಲ. ಲಂಡನ್ನಿಗೆ ಸತ್ಯ ತಲುಪಿದರೆ ನ್ಯಾಯ ಸಿಕ್ಕೇ ಸಿಗುತ್ತದೆಂಬ ನಂಬಿಕೆ ಕೊನೆತನಕ ಇತ್ತು. ತಿಲಕರ ಬಳಗಕ್ಕೆ ಬರೀ ನಂಬಿಕೆ ಸಾಕಾಗಿರಲಿಲ್ಲ, ಆ ನಂಬಿಕೆ ಅತಿಯಾಯಿತೆಂದು ನನಗೂ ಅನಿಸುತ್ತದೆ. ಇನ್ನೊಂದು ಸಂಗತಿ: ಅಣ್ಣ ಜಾನ್ 1857ರಲ್ಲಿ ಹಿಸಾರ್‌ನಲ್ಲಿ ಹೆಂಡತಿ, ಮಗುವಿನೊಂದಿಗೆ ಕೊಲೆಯಾಗಿದ್ದ. ಮೂರು ವರ್ಷಕ್ಕೆ ತಮ್ಮ ಅದೇ ದೇಶಕ್ಕೆ ನೌಕರಿಗೆ ಬಂದ. ಎಷ್ಟೋ ಪುಟ ಬರೆಯಬಹುದಾದ ವಿಷಯ. ವರ್ಷ, ಊರು ಹೇಳಿ ಮುಂದೆ ಹೋದೆ, ಆತನ ಮನಸ್ಸಿನೊಳಗೆ ಹೊಕ್ಕು ಬರೆಯಲಿಲ್ಲ.

ಸಂಚಿಕೆ ಸಮಿತಿಯ ಜೊತೆ ಚರ್ಚೆಯಾದದ್ದು ಗದಗ ಬಳಿಯ ಕಣಗಿನಹಾಳದ ಬಗ್ಗೆ. 1904ರ ಸಹಕಾರಿ ಕಾಯ್ದೆಯಡಿ ಮರುವರ್ಷವೇ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಗದಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. “ಧಾರವಾಡದ ಸಾಹೇಬ ಬಿತ್ತಿದ್ದು ಕಣಗಿನಹಾಳದಾಗ ಬೆಳೀತು ಅಂತ ಬರೀರಿ ಸರ್” ಎಂದರು ಹಿರಿಯ ಸದಸ್ಯರೊಬ್ಬರು. ಆದರೆ ಆ ಕಾಯ್ದೆಯ ಹಿಂದೆ ಇದ್ದದ್ದು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ವರದಿ, ಜರ್ಮನಿಯ ರೈಫೈಸನ್ ಎಂಬ ಹಳ್ಳಿ ಪತ್ತಿನ ಸಂಘಗಳ ಮಾದರಿ. ಪುರಂದರದ್ದು ಸರ್ಕಾರದ ಬೆನ್ನಾಸರೆಯ ಬ್ಯಾಂಕು, ಕಣಗಿನಹಾಳದ್ದು ಊರವರೇ ಸೇರಿ ಕಟ್ಟಿದ ಸಂಘ. ಎರಡನ್ನೂ ಅಕ್ಕಪಕ್ಕದ ಪ್ಯಾರಾಗಳಲ್ಲಿ ಇಟ್ಟೆ, ನಡುವೆ ಗಂಟು ಹಾಕಲಿಲ್ಲ. ಹಿರಿಯರಿಗೆ ಈಗಲೂ ಸ್ವಲ್ಪ ಬೇಸರವಿದೆ.

ಮುಂದಿನ ಸಂಚಿಕೆಗೆ ಹೆನ್ರಿ ಕಾಟನ್‌ನನ್ನು ಹಿಡಿದಿದ್ದೇನೆ: ಅಸ್ಸಾಮಿನ ಚೀಫ್ ಕಮಿಷನರ್, 1904ರಲ್ಲಿ ಕಾಂಗ್ರೆಸ್ ಅಧ್ಯಕ್ಷ, 1906ರಲ್ಲಿ ನಾಟಿಂಗ್‌ಹ್ಯಾಮ್ ಪೂರ್ವದ ಸಂಸತ್ ಸದಸ್ಯ. ಆತನ ಬದುಕನ್ನು ಚಹಾ ತೋಟದ ಕೂಲಿಯ ಪ್ರಶ್ನೆಯಿಂದ ಬಿಡಿಸುತ್ತಿದ್ದೇನೆ.