ಬಲ ಮೂಲೆ ಯಾರದ್ದು? ಖಾಸಗಿ ಅಂಚೆಚೀಟಿಗಳನ್ನು ನಾನು ಕೂಡಿಸಿದ ಬಗೆ

ಲಕೋಟೆಯ ಬಲಗಡೆ ಮೇಲಿನ ಮೂಲೆ ಸರ್ಕಾರದ್ದು. ನಾವೆಲ್ಲ ಚಿಕ್ಕಂದಿನಿಂದ ಅಲ್ಲೇ ಸ್ಟ್ಯಾಂಪ್ ಅಂಟಿಸಿ ಬೆಳೆದವರು. ಯಾಕೆ ಅಲ್ಲೇ ಅಂತ ಕೇಳಿದವರು ಕಡಿಮೆ. ಖಾಸಗಿಯವರು ಹೊರಡಿಸಿದ ಅಂಚೆಚೀಟಿಗಳನ್ನು ಕೂಡಿಸಲು ಶುರು ಮಾಡಿದ ಮೇಲೆ ನನಗೆ ಆ ಮೂಲೆಯದ್ದೇ ಹುಚ್ಚು ಹಿಡಿಯಿತು. ಚೀಟಿ ಎಲ್ಲಿ ಅಂಟಿದೆ ಅಂತ ನೋಡಿದರೆ ಎಷ್ಟೋ ಸಲ ಸಾಕು. ಆ ಕಾಗದವನ್ನು ಯಾರು ಎಲ್ಲಿಯವರೆಗೆ ಹೊತ್ತರು, ಕಾನೂನು ಅವರಿಗೆ ಎಷ್ಟು ಜಾಗ ಬಿಟ್ಟಿತ್ತು ಅನ್ನುವುದು ಗೊತ್ತಾಗುತ್ತದೆ.

ನಾನಿರುವುದು ಸಾಗರದಲ್ಲಿ. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮೊದಲು ಕೂಡಿಸುತ್ತಿದ್ದದ್ದು ದೇಶೀ ಸಂಸ್ಥಾನಗಳ ಚೀಟಿಗಳನ್ನು. ತಿರುವಾಂಕೂರಿನ ಅಂಚಲ್, ಹೈದರಾಬಾದ್, ಜೈಪುರ, ಹೀಗೆ. ನಮ್ಮ ಮೈಸೂರು ಸಂಸ್ಥಾನಕ್ಕೂ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಆದರೆ ಇವೆಲ್ಲ ಆಳುವವರೇ ನಡೆಸಿದ ಅಂಚೆಗಳು. ಒಬ್ಬ ಮಾಮೂಲಿ ಮನುಷ್ಯ, ಒಂದು ಕಾಲೇಜು, ಒಂದು ರೈಲ್ವೆ ಕಂಪನಿ ತನ್ನದೇ ಚೀಟಿ ಮಾಡಿಸಿ ಕಾಗದ ಸಾಗಿಸಬಹುದು ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ.

ಶಿವಮೊಗ್ಗದ ಸಂಗ್ರಾಹಕ ಮಿತ್ರರೊಬ್ಬರು ಒಂದು ನೀಲಿ ಚೀಟಿ ಕೈಗಿಟ್ಟು, "ಸರ್, ಇದು ನಿಮ್ಮ ದೊಡ್ಡ ಕ್ಯಾಟಲಾಗಿನ ಮುಖ್ಯ ಪಟ್ಟಿಯಲ್ಲಿ ಸಿಗಲ್ಲ, ಇಟ್ಕೊಳ್ಳಿ" ಅಂದರು. ಮೇಲೆ ಗಿಳಿಯ ಕೊಕ್ಕು ಅಂಟಿಸಿಕೊಂಡ ಬಾತುಕೋಳಿಯ ಹಾಗಿರುವ, ಪಫಿನ್ ಅನ್ನುವ ಕಡಲಹಕ್ಕಿ. ಬೆಲೆ 'ಒಂದು ಪಫಿನ್'. ಲುಂಡಿ ದ್ವೀಪದ್ದು.

ಲುಂಡಿ ಇರುವುದು ಇಂಗ್ಲೆಂಡಿನ ಡೆವನ್ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ಆಚೆ, ಬ್ರಿಸ್ಟಲ್ ಕಡಲ್ಗಾಲುವೆಯಲ್ಲಿ. ಉದ್ದ ಐದು ಕಿಲೋಮೀಟರ್, ಅಗಲ ಒಂದು ಕಿಲೋಮೀಟರ್ ಅಷ್ಟೇ. ಜನ ತೀರಾ ಕಡಿಮೆಯಾದರು, ಟಪ್ಪಾಲು ಒಯ್ಯುವ ಗುತ್ತಿಗೆ ಹಿಡಿಯಲು ಯಾರೂ ಮುಂದೆ ಬರಲಿಲ್ಲ. 1927ರ ಕೊನೆಗೆ ಬ್ರಿಟಿಷ್ ಅಂಚೆ ಇಲಾಖೆ ಅಲ್ಲಿಂದ ಕಾಲ್ತೆಗೆಯಿತು. ಆಗ ದ್ವೀಪದ ಮಾಲೀಕರಾಗಿದ್ದವರು ಮಾರ್ಟಿನ್ ಕೋಲ್ಸ್ ಹಾರ್ಮನ್. ಮೊದಲ ಒಂದೆರಡು ವರ್ಷ ಅವರೇ ಬಿಟ್ಟಿಯಾಗಿ ಟಪ್ಪಾಲು ಸಾಗಿಸಿದರು. ಆಮೇಲೆ ಖರ್ಚು ಹುಟ್ಟಲಿ ಅಂತ 1929ರ ನವೆಂಬರ್ 1ರಂದು ಎರಡು ಚೀಟಿ ಹೊರಡಿಸಿದರು. ಅರ್ಧ ಪಫಿನ್ ಗುಲಾಬಿ, ಒಂದು ಪಫಿನ್ ನೀಲಿ. ಒಂದು ಪಫಿನ್ ಅಂದರೆ ಒಂದು ಪೆನ್ನಿ.

ಅದೇ ವರ್ಷ ಹಾರ್ಮನ್ ಪಫಿನ್ ನಾಣ್ಯಗಳನ್ನೂ ಟಂಕಿಸಿದರು. ಒಂದು ಬದಿಗೆ ಹಕ್ಕಿ, ಇನ್ನೊಂದು ಬದಿಗೆ ತಮ್ಮದೇ ತಲೆ! ಅದು ಸರ್ಕಾರಕ್ಕೆ ಸಹಿಸಲಿಲ್ಲ. 1870ರ ನಾಣ್ಯ ಕಾಯ್ದೆಯ ಕೆಳಗೆ ಕೇಸು ಹಾಕಿ ಐದು ಪೌಂಡ್ ದಂಡ ಹಾಕಿಸಿತು. ಮೇಲ್ಮನವಿಯೂ 1931ರಲ್ಲಿ ಬಿದ್ದುಹೋಯಿತು. ಚೀಟಿಗಳು ಮಾತ್ರ ಉಳಿದುಕೊಂಡವು. ನನ್ನ ಲೆಕ್ಕದಲ್ಲಿ ಅವು ಉಳಿದದ್ದಕ್ಕೆ ಕಾರಣ ಅಂಟಿಸಿದ ಜಾಗ. ಲುಂಡಿ ಚೀಟಿಯನ್ನು ಲಕೋಟೆಯ ಹಿಂಭಾಗಕ್ಕೆ ಅಂಟಿಸಬೇಕಿತ್ತು. ಅದು ದ್ವೀಪದಿಂದ ದಡದವರೆಗಿನ ದೋಣಿಯ ಕೂಲಿ. ಮುಂಭಾಗದಲ್ಲಿ ರಾಜನ ತಲೆಯ ಚೀಟಿ ಮಾಮೂಲಿನಂತೆ ಇರಲೇಬೇಕು, ಅದು ದಡದಿಂದ ಮುಂದಿನದ್ದಕ್ಕೆ. ಬೆನ್ನಿಗೆ ಅಂಟಿದ ಚೀಟಿಯಿಂದ ಸರ್ಕಾರಕ್ಕೇನು ನಷ್ಟ?

ಇದು ತಿಳಿಯುವ ಮೊದಲು ನಾನು ಬರೀ ಬಿಡಿ ಚೀಟಿ ನೋಡುತ್ತಿದ್ದೆ. ತಿಳಿದ ಮೇಲೆ ಕವರ್, ಅಂದರೆ ಚೀಟಿ ಅಂಟಿಸಿಕೊಂಡು ಟಪ್ಪಾಲಿನಲ್ಲಿ ಸಾಗಿದ ಇಡೀ ಲಕೋಟೆ, ಬಿಟ್ಟು ಬೇರೇನೂ ಬೇಡ ಅನ್ನಿಸಿತು. ಇಲ್ಲೊಂದು ತೊಡಕಿದೆ. ಆನ್‌ಲೈನಿನಲ್ಲಿ ಮಾರುವವರು ಹೆಚ್ಚಾಗಿ ಕವರಿನ ಮುಂಭಾಗದ ಫೋಟೊ ಮಾತ್ರ ಹಾಕುತ್ತಾರೆ. ಹಳೆಯ ಲುಂಡಿ ಕವರಿನ ಜೀವವೇ ಹಿಂಭಾಗದಲ್ಲಿ. ಹಾಗಾಗಿ ಎರಡೂ ಬದಿಯ ಫೋಟೊ ಬಾರದೆ ದುಡ್ಡು ಕಳಿಸಬಾರದು ಅಂತ ನಿಯಮ ಮಾಡಿಕೊಂಡೆ. ಇದರಿಂದ ಒಂದು ಲಾಭವೂ ಆಯಿತು. ಮಾಮೂಲಿ ಇಂಗ್ಲಿಷ್ ಕವರ್ ಅಂತ ಅಗ್ಗಕ್ಕೆ ಇಟ್ಟದ್ದರ ಬೆನ್ನಿನಲ್ಲಿ ಪಫಿನ್ ಕೂತಿದ್ದದ್ದೂ ಉಂಟು. ಡೆವನ್‌ನ ಊರುಗಳ ಮೊಹರು ಇರುವ ಕವರ್ ಕಂಡರೆ ಸುಮ್ನೆ ಒಂದು ಮಾತು ಹಿಂಬದಿಯ ಫೋಟೊ ಕೇಳಿಬಿಡಿ.

ಮಗಳು ಬ್ರಿಸ್ಟಲ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ದ್ವೀಪಕ್ಕೇ ಹೋಗುವ ಯೋಗ ಬಂತು. 'ಓಲ್ಡನ್‌ಬರ್ಗ್' ಅನ್ನುವ ಹಡಗು ಬಿಡಿಫರ್ಡ್ ಅಥವಾ ಇಲ್ಫ್ರಾಕೂಂಬ್‌ನಿಂದ ಹೊರಡುತ್ತದೆ. ಸುಮಾರು ಎರಡು ಗಂಟೆಯ ದಾರಿ. ಚಳಿಗಾಲದಲ್ಲಿ ಹಡಗಿಲ್ಲ, ಹೆಲಿಕಾಪ್ಟರ್. "ಅಪ್ಪಾ, ಎಲ್ಲರೂ ಹಕ್ಕಿ ನೋಡೋಕೆ ಬರ್ತಾರೆ, ನೀನು ಪೋಸ್ಟ್ ಡಬ್ಬಿ ಹುಡುಕ್ತಿದೀಯಲ್ಲ" ಅಂತ ಅವಳು ನಕ್ಕಳು. ನಾನು ಚೀಟಿ ಕೊಂಡು, ಸಾಗರದ ವಿಳಾಸ ಬರೆದ ಕಾರ್ಡುಗಳನ್ನು ಹಾಕಿ ಬಂದೆ. ಈಗ ನಿಯಮ ಸಡಿಲವಾಗಿದೆ. ಚೀಟಿಯನ್ನು ಮುಂಭಾಗದಲ್ಲೇ ಅಂಟಿಸಬಹುದು, ಆದರೆ ಎಡಗಡೆಗೆ. ಬಲಗಡೆ ಬ್ರಿಟನ್ನಿನ ಅಂಚೆಯಾದ ರಾಯಲ್ ಮೇಲ್‌ಗೆ ಬಿಡಬೇಕು. ಚೀಟಿಯ ಬೆಲೆಯಲ್ಲಿ ದಡದಾಚೆಯ ಅಂಚೆ ಖರ್ಚೂ ಸೇರಿರುತ್ತದೆ. ಕಾರ್ಡುಗಳು ಬಂದು ತಲುಪಿದಾಗ ನಮ್ಮ ಪೋಸ್ಟ್‌ಮ್ಯಾನ್ ತಿರುಗಿಸಿ ಮುರುಗಿಸಿ ನೋಡಿ, "ಸ್ಟ್ಯಾಂಪ್ ಯಾಕೆ ಸರ್ ಈ ಕಡೆ?" ಅಂದ. ಅವನಿಗೆ ಒಂದು ಲೋಟ ಕಾಫಿ ಕೊಟ್ಟು ಮೇಲಿನದ್ದೆಲ್ಲ ಹೇಳಿದೆ.

ಇನ್ನು 1971ರ ಮುಷ್ಕರದ ಕವರುಗಳು. ನನಗೆ ಜಾಸ್ತಿ ಕೆಲಸ ಕೊಟ್ಟದ್ದು ಇವೇ. ಆ ವರ್ಷ ಜನವರಿ 20ರಿಂದ ಮಾರ್ಚ್ 7ರವರೆಗೆ ಬ್ರಿಟನ್ನಿನ ಅಂಚೆ ನೌಕರರು ಸಂಬಳದ ವಿಚಾರಕ್ಕೆ ಕೆಲಸ ನಿಲ್ಲಿಸಿದರು. ಅಂಚೆ ಖಾತೆಯ ಮಂತ್ರಿ ಕ್ರಿಸ್ಟೋಫರ್ ಚಾಟವೇ. ಮುಷ್ಕರ ಮುಗಿಯುವವರೆಗೆ ಅಂಚೆ ಇಲಾಖೆಯ ಏಕಸ್ವಾಮ್ಯವನ್ನು ಸಡಿಲಿಸಲಾಯಿತು. ಅಷ್ಟೇ ಸಾಕಾಯಿತು, ಊರೂರಲ್ಲಿ ಖಾಸಗಿ ಅಂಚೆಗಳು ಹುಟ್ಟಿದವು. ಬಹಳಷ್ಟು ಕಡೆ ಚೀಟಿಗಳೂ ಅಚ್ಚಾದವು. ಇಲ್ಲಿ ಖಾಸಗಿ ಚೀಟಿ ಧೈರ್ಯವಾಗಿ ಬಲ ಮೂಲೆಯಲ್ಲೇ ಕೂರುತ್ತದೆ. ಪಕ್ಕದಲ್ಲಿ ರಾಣಿಯ ತಲೆಯ ಸರ್ಕಾರಿ ಚೀಟಿ ಇಲ್ಲ.

ಆದರೆ ಇವುಗಳಲ್ಲಿ ಎಷ್ಟೋ ಚೀಟಿ ಕಾಗದ ಸಾಗಿಸಲು ಹುಟ್ಟಿದ್ದಲ್ಲ, ನಮ್ಮಂಥವರ ಜೇಬಿಗೆ ಕೈ ಹಾಕಲು ಹುಟ್ಟಿದ್ದು. ಬೇರ್ಪಡಿಸುವುದು ಹೇಗೆ? ನಾನು ಮೊದಲು ನೋಡುವುದು ವಿಳಾಸ. ವಿಳಾಸವೇ ಇಲ್ಲದ, ಇಲ್ಲವೇ ಪೆನ್ಸಿಲಿನಲ್ಲಿ ಗೀಚಿದ ಕವರ್ ಆದರೆ ದೂರ ಇಡುತ್ತೇನೆ. ಚೀಟಿ ವ್ಯಾಪಾರಿಗೇ ಹೋದ ಕವರ್ ಆದರೂ ಅಷ್ಟೇ. ಆಮೇಲೆ ತಾರೀಕು ಮತ್ತು ಬೆಲೆ. ಮುಷ್ಕರದ ನಡುವೆ, ಫೆಬ್ರವರಿ 15ರಂದು, ಬ್ರಿಟನ್ ತನ್ನ ನಾಣ್ಯ ಪದ್ಧತಿಯನ್ನೇ ಬದಲಿಸಿತು. ಅಲ್ಲಿಯವರೆಗೆ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ಅವತ್ತಿನಿಂದ ಪೌಂಡಿಗೆ 100 ಹೊಸ ಪೆನ್ಸ್. ಜನವರಿಯ ಮೊಹರಿನ ಕೆಳಗೆ ಬರೀ ಹೊಸ ಪೆನ್ಸಿನ ಬೆಲೆ ಇದ್ದರೆ ನಾನು ಹುಬ್ಬೇರಿಸುತ್ತೇನೆ. ಎರಡೂ ಲೆಕ್ಕ ಇರುವ ಚೀಟಿಗಳು, ಹಳೆ ಬೆಲೆಯ ಮೇಲೆ ಹೊಸದನ್ನು ಅಚ್ಚೊತ್ತಿದವು ಸಿಕ್ಕರೆ ಒಳ್ಳೆಯದು. ಸರಿಯಾಗಿ ಆ ವಾರದ ಗಡಿಬಿಡಿ ಅದರಲ್ಲಿ ಕಾಣುತ್ತದೆ. ಒಳಗೆ ಕಾಗದ ಉಳಿದಿದ್ದರಂತೂ ಕೇಳಲೇಬೇಡಿ. ನನ್ನ ಬಳಿ ಇರುವ ಒಂದು ಕಂದು ಲಕೋಟೆಯೊಳಗೆ ಅಂಗಡಿಯೊಂದರ ಬಾಕಿ ಬಿಲ್ ಇದೆ. ಮುಷ್ಕರ ಅಂತ ಸಾಲ ಕೇಳುವುದನ್ನು ಬಿಡುತ್ತಾರೆಯೇ? ನೋಡಲು ಚಂದವಿಲ್ಲ, ಮೂಲೆ ಹರಿದಿದೆ. ಬಣ್ಣಬಣ್ಣದ ಚೀಟಿಗಳ ಹಾಳೆಗಿಂತ ನನಗೆ ಇದೇ ಮೇಲು.

ಕೆಲವು ಖಾಸಗಿ ಅಂಚೆಗಳು ಕಾಗದವನ್ನು ಕಡಲು ದಾಟಿಸಿ ಯುರೋಪಿನ ಊರುಗಳಲ್ಲಿ ಅಲ್ಲಿನ ಚೀಟಿ ಅಂಟಿಸಿ ಟಪ್ಪಾಲಿಗೆ ಹಾಕಿದವು. ಆಗ ಒಂದೇ ಕವರಿನ ಮೇಲೆ ಎರಡು ಚೀಟಿ ಇರುತ್ತವೆ, ಪ್ರಯಾಣದ ಎರಡು ತುಂಡುಗಳಿಗೆ ಒಂದೊಂದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಟನ್ನಿನ ರೈಲ್ವೆ ಕಂಪನಿಗಳು 1891ರ ಫೆಬ್ರವರಿ 1ರಿಂದ ಅಂಚೆ ಇಲಾಖೆಯ ಒಪ್ಪಿಗೆ ಪಡೆದು ಕಾಗದ ಸಾಗಿಸಿದವು. ಸ್ಟೇಷನ್ನಿಗೆ ಕೊಟ್ಟರೆ ಮುಂದಿನ ಗಾಡಿಗೇ ಹೋಗುತ್ತಿತ್ತು. ಒಂದು ಪೆನ್ನಿಯ ಸರ್ಕಾರಿ ಚೀಟಿ, ಅದರ ಜೊತೆಗೆ ಎರಡು ಪೆನ್ನಿಯ ರೈಲ್ವೆ ಚೀಟಿ, ಎರಡೂ ಬೇಕು. ಮೂಲೆ ಕಸಿಯದೆ ಪಕ್ಕದಲ್ಲಿ ಕೂತ ಜಾಣತನ ಇದು. ಹಳೆಯ ರೈಲುಮಾರ್ಗ ಉಳಿಸಿಕೊಂಡು ನಡೆಸುವ ವೇಲ್ಸಿನ ಟ್ಯಾಲಿಲಿನ್ ರೈಲ್ವೆ 1957ರಲ್ಲಿ ಇದನ್ನೇ ಮತ್ತೆ ಶುರು ಮಾಡಿತು. ಆಕ್ಸ್‌ಫರ್ಡಿನ ಕೀಬಲ್ ಕಾಲೇಜು 1871ರಲ್ಲಿ ತನ್ನ ಆಳುಗಳು ಒಯ್ಯುವ ಕಾಗದಗಳಿಗೆ ಚೀಟಿ ಮಾಡಿಸಿತು. ಇತರ ಕಾಲೇಜುಗಳು, ಕೇಂಬ್ರಿಡ್ಜಿನವೂ ಸೇರಿ, ಹಿಂಬಾಲಿಸಿದವು. 1886ರ ಹೊತ್ತಿಗೆ ಅಂಚೆ ಇಲಾಖೆ ತಡೆಯಿತು. ಬಳಸಿದ ಕವರ್ ನನ್ನಂಥವನ ಕೈಗೆ ಎಟುಕುವುದಲ್ಲ, ಬಳಸದ ಬಿಡಿ ಚೀಟಿ ಇಟ್ಟುಕೊಂಡು ಸಮಾಧಾನ ಪಟ್ಟಿದ್ದೇನೆ. ಎಡಿನ್‌ಬರೋದ ರಾಬರ್ಟ್ ಬ್ರೈಡನ್ 1865ರಲ್ಲಿ ಅಂಗಡಿಗಳ ಕರಪತ್ರಗಳನ್ನು ಪೆನ್ನಿಗಿಂತ ಕಡಿಮೆಗೆ ಹಂಚಿದರು. ಕೋರ್ಟು ನಿಲ್ಲಿಸಿತು. ಆಮೇಲೆ 1870ರಲ್ಲಿ ಇಲಾಖೆಯೇ ಅಚ್ಚಾದ ಕಾಗದಗಳಿಗೆ ಅರ್ಧ ಪೆನ್ನಿ ದರ ತಂದಿತು! ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಗರ್ನ್ಸಿ ದ್ವೀಪದ ಪಕ್ಕದ ಹರ್ಮ್ ದ್ವೀಪದ ಚೀಟಿಗಳು 1949ರಿಂದ 1969ರವರೆಗೆ ನಡೆದವು. ಗರ್ನ್ಸಿಗೆ ತನ್ನದೇ ಅಂಚೆ ಬಂದ ಮೇಲೆ ನಿಂತವು.

ಸ್ಕಾಟ್ಲೆಂಡಿನ ಸ್ಟಾಫಾದಂಥ ದ್ವೀಪಗಳ ಹೆಸರಿನಲ್ಲಿ ಬಂದ ಹೊಳೆಯುವ ಚೀಟಿಗಳನ್ನು ನಾನು ಮುಟ್ಟುವುದಿಲ್ಲ. ಅಲ್ಲಿ ಜನವಸತಿಯೇ ಇಲ್ಲ. ಕಾಗದ ಬರೆಯುವವರು ಯಾರು, ಓದುವವರು ಯಾರು?

ಕವರ್ ಕೈಗೆ ಬಂದ ಮೇಲಿನ ಕಷ್ಟ ಮಲೆನಾಡಿನವರಿಗೇ ಗೊತ್ತು. ಜೂನ್ ಬಂತೆಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಬಳಸದ ಚೀಟಿಯ ಗೋಂದು ಎರಡು ದಿನದಲ್ಲಿ ಅಂಟಿಕೊಳ್ಳುತ್ತದೆ. ಬಿಡಿ ಚೀಟಿಗಳನ್ನು ಗ್ಲಾಸಿನ್ ಅನ್ನುವ ನುಣುಪು ಕಾಗದದ ಪುಟ್ಟ ಲಕೋಟೆಗಳಲ್ಲಿ, ಒಂದರ ಮೇಲೊಂದು ಬೀಳದಂತೆ ಇಡುತ್ತೇನೆ. ಕವರುಗಳಿಗೆ ಪಿವಿಸಿ ಇಲ್ಲದ ಪಾರದರ್ಶಕ ಚೀಲ. ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಆಲ್ಬಮ್ಮುಗಳನ್ನು ಮಲಗಿಸದೆ ನಿಲ್ಲಿಸಿಡುತ್ತೇನೆ, ಮಲಗಿಸಿದರೆ ಭಾರಕ್ಕೆ ಅಂಟುತ್ತವೆ. ಮಳೆಗಾಲದಲ್ಲಿ ಕೆಲಸ ಬಂದ್. ಮೌಂಟ್ ಮಾಡುವುದೆಲ್ಲ ದೀಪಾವಳಿ ಕಳೆದ ಮೇಲೆ.

ರಾಜ್ಯಮಟ್ಟದ ಪ್ರದರ್ಶನಕ್ಕೆ ಇದನ್ನೆಲ್ಲ ಒಂದು ಫ್ರೇಮಿಗೆ ಇಳಿಸಿದೆ. ಒಂದು ಫ್ರೇಮ್ ಅಂದರೆ ಎ4 ಅಳತೆಯ 16 ಹಾಳೆ. ದೇಶದ ಪ್ರಕಾರವೋ ವರ್ಷದ ಪ್ರಕಾರವೋ ಜೋಡಿಸದೆ, ಚೀಟಿ ಅಂಟಿದ ಜಾಗದ ಪ್ರಕಾರ ಜೋಡಿಸಿದೆ. ಮೊದಲು ಬೆನ್ನಿಗೆ ಅಂಟಿದವು, ಆಮೇಲೆ ಎಡಕ್ಕೆ, ಆಮೇಲೆ ಸರ್ಕಾರಿ ಚೀಟಿಯ ಪಕ್ಕಕ್ಕೆ, ಕೊನೆಗೆ ಬಲ ಮೂಲೆ ಹಿಡಿದವು. ಬೆನ್ನು ತೋರಿಸುವುದು ಹೇಗೆ ಅನ್ನುವುದು ತಲೆನೋವಾಗಿತ್ತು. ಬಣ್ಣದ ನಕಲು ಹಾಕಬಹುದು, ಆದರೆ ಅದು ಮೂಲದ ಅಳತೆಗಿಂತ ಕಡೇಪಕ್ಷ ಶೇಕಡಾ 25 ಬೇರೆ ಇರಬೇಕು, ಮೂಲ ಅಂತ ಮೋಸವಾಗಬಾರದಲ್ವಾ? ಕೆಲವು ಕವರುಗಳ ಬೆನ್ನನ್ನೇ ಮುಂದೆ ಮಾಡಿ, ಮುಖದ ನಕಲನ್ನು ಚಿಕ್ಕದಾಗಿ ಪಕ್ಕಕ್ಕೆ ಇಟ್ಟೆ. ಜನ ಅಲ್ಲೇ ಜಾಸ್ತಿ ನಿಂತರು. ತೀರ್ಪುಗಾರರೊಬ್ಬರು ಇದನ್ನು ಅಂಚೆ ಇತಿಹಾಸ ಅನ್ನಬೇಕೋ ಬರೀ ಲೇಬಲ್ ಅನ್ನಬೇಕೋ ಅಂತ ವಾದ ಮಾಡಿದರು. ಕಾಗದ ಸಾಗಿದ್ದರೆ ಅಂಚೆ, ಇಲ್ಲದಿದ್ದರೆ ಲೇಬಲ್ ಅಂತ ನಾನಂದೆ. ಅವರು ಪೂರ್ತಿ ಒಪ್ಪಲಿಲ್ಲ.

ಅಲ್ಲಿ ಹುಡುಗನೊಬ್ಬ ಕೇಳಿದ ಪ್ರಶ್ನೆ ಒಳ್ಳೆಯದಿತ್ತು: "ನಮ್ಮ ಕೊರಿಯರ್‌ನವರು ಯಾಕೆ ಸ್ಟ್ಯಾಂಪ್ ಮಾಡಲ್ಲ ಅಂಕಲ್?" ನಮ್ಮ 1898ರ ಅಂಚೆ ಕಾಯ್ದೆಯಲ್ಲಿ ಕಾಗದ ಸಾಗಿಸುವ ಹಕ್ಕೇ ಸರ್ಕಾರದ್ದಾಗಿತ್ತು. 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಅಂಚೆ ಕಾಯ್ದೆಯಲ್ಲಿ ಆ ಏಕಸ್ವಾಮ್ಯ ಇಲ್ಲ. ಆದರೆ ಅಂಚೆಚೀಟಿ ಹೊರಡಿಸುವ ಹಕ್ಕನ್ನು ಮಾತ್ರ ಇಲಾಖೆಗೇ ಉಳಿಸಿಕೊಂಡಿದ್ದಾರೆ. ಅಂದರೆ ನಮ್ಮಲ್ಲಿ ಕಾಗದ ಯಾರು ಬೇಕಾದರೂ ಹೊರಬಹುದು, ಚೀಟಿ ಮಾಡುವಂತಿಲ್ಲ.

ಜರ್ಮನಿಯಲ್ಲಿ ಬೇರೆ ಕಥೆ. ಅಲ್ಲಿ 2008ರ ಜನವರಿ 1ರಂದು ಕಾಗದದ ಏಕಸ್ವಾಮ್ಯ ಮುಗಿಯಿತು. ಬರ್ಲಿನ್ನಿನ ಪಿನ್‌ನಂಥ ಖಾಸಗಿ ಕಂಪನಿಗಳಿಗೆ ತಮ್ಮದೇ ಚೀಟಿ ಇವೆ. ಅಲ್ಲಿರುವ ತಂಗಿಯ ಮಗನಿಗೆ ಸದ್ಯ ಅದೇ ಕೆಲಸ ಹಚ್ಚಿದ್ದೇನೆ. ಪಿನ್ ಚೀಟಿ ಅಂಟಿಸು, ಹಳದಿ ಡಬ್ಬಿಗೆ ಹಾಕಬೇಡ, ಅದು ಅಲ್ಲಿನ ಹಳೆಯ ಅಂಚೆ ಸಂಸ್ಥೆ ಡಾಯ್ಚ ಪೋಸ್ಟ್‌ನದ್ದು, ಪಿನ್‌ನವರ ಹಸಿರು ಡಬ್ಬಿ ಹುಡುಕು, ಅದರೊಳಗೇ ಹಾಕು ಅಂತ. "ಮಾವ, ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿದ್ರೆ ಸಾಕಾಗಲ್ವಾ?" ಅನ್ನುತ್ತಾನೆ. ಆದರೂ ಕಳಿಸುತ್ತಾನೆ, ಮನೆಯವರ ಕ್ಷೇಮ ಸಮಾಚಾರವನ್ನೂ ಬರೆದು. ಖಾಲಿ ಕವರ್ ಕಳಿಸಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ.