ಶನಿವಾರದ ಚೀಟಿ, ಸೋಮವಾರದ ಉತ್ತರ

ನಮ್ಮ ಹೈಸ್ಕೂಲು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆಯ ಬದಿಗೇ ಇದೆ. ನಾನು ವಿಜ್ಞಾನ ಕಲಿಸುತ್ತೇನೆ. ಆಫೀಸಿನ ಬಾಗಿಲ ಪಕ್ಕ ಬೀಗ ಹಾಕಿದ ಒಂದು ದೂರು ಪೆಟ್ಟಿಗೆ ಇದೆ. ಯಾವಾಗ ತೆಗೆದರೂ ಖಾಲಿ. ಮಕ್ಕಳಿಗೆ ತೊಂದರೆ ಏನೂ ಇಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು.

ಹಾಗಲ್ಲ ಅಂತ ಗೊತ್ತಾದದ್ದು ಒಬ್ಬ ಹುಡುಗನ ಮನೆಗೆ ಹೋದಾಗ. ಹತ್ತನೇ ತರಗತಿಯವನು, ಎಂಟು ದಿನ ಶಾಲೆಗೆ ಬಂದಿರಲಿಲ್ಲ. ಜ್ವರ ಇರಬೇಕು ಅಂದುಕೊಂಡಿದ್ದೆ. ಅವನ ಅಮ್ಮ ಬಳಚು (ಹೊಳೆಯ ಚಿಪ್ಪುಮೀನು) ತೊಳೆಯುತ್ತಾ ಕೂತಿದ್ದರು. "ಜ್ವರ ಇಲ್ಲ ಅಕ್ಕೋರೆ, ಕ್ಲಾಸಲ್ಲಿ ಎಲ್ಲರೆದುರು ಬೈಸ್ಕೊಳ್ಳೂಕೆ ಆಗ್ತಿಲ್ಲ ಅಂತಾನೆ" ಅಂದರು. ಇದನ್ನು ನಮಗೆ ಯಾಕೆ ಹೇಳಲಿಲ್ಲ ಅಂತ ಹುಡುಗನನ್ನೇ ಕೇಳಿದೆ. ಅವನು ನೆಲ ನೋಡಿಕೊಂಡೇ ಹೇಳಿದ, "ಇಪ್ಪತ್ತು ಮಾರ್ಕ್ಸ್ ನಿಮ್ಮ ಕೈಯಲ್ಲೇ ಇದೆ ಅಲ್ವಾ."

ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯಕ್ಕೆ ಬರವಣಿಗೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ 20 ನಾವೇ ಕೊಡುವುದು. ಮಗುವನ್ನು ಒಂದೇ ಪರೀಕ್ಷೆಯ ಮೇಲೆ ಅಳೆಯಬಾರದು ಅಂತ ಬಂದ ಒಳ್ಳೆಯ ಏರ್ಪಾಡು ಅದು. ಆದರೆ ಸ್ಟಾಫ್‌ ರೂಮಿನಲ್ಲಿ, ಕ್ಲಾಸಿನಲ್ಲಿ ನಾವು ಎಷ್ಟು ಸಲ "ಇಂಟರ್ನಲ್ ನೋಡ್ಕೊಳ್ತೀನಿ" ಅಂದಿಲ್ಲ? ಮಕ್ಕಳನ್ನು ಹೊಡೆಯಬಾರದು, ಮಾನಸಿಕವಾಗಿ ಹಿಂಸಿಸಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಬೆತ್ತ ಹೋಯಿತು, ಅದರ ಜಾಗಕ್ಕೆ ಈ ಮಾತು ಬಂತು.

ಮುಂದಿನ ಜೂನ್‌ನಲ್ಲಿ ಮೊದಲು ಮಾಡಿದ ಕೆಲಸ ಇದು. ಪ್ರತಿ ರೂಪಣಾತ್ಮಕ ಪರೀಕ್ಷೆ, ಅಂದರೆ ಆ 20ರ ಲೆಕ್ಕಕ್ಕೆ ವರ್ಷದ ನಡುನಡುವೆ ನಾವೇ ಮಾಡುವ ಪರೀಕ್ಷೆ, ಮುಗಿದ ಮೂರನೇ ದಿನ, ಯಾವುದಕ್ಕೆ ಎಷ್ಟು ಅಂತ ಪ್ರತಿಯೊಬ್ಬರ ಅಂಕವನ್ನು ಅವರವರ ನೋಟ್‌ಬುಕ್ಕಿನಲ್ಲೇ ಬರೆದು ಸಹಿ ಮಾಡಿದೆ. ಆಮೇಲೆ ಅದನ್ನು ತಿದ್ದುವುದಿಲ್ಲ ಅಂತ ಹೇಳಿದೆ. ಅದಾದ ಮೇಲೆ ಚೀಟಿ ಶುರು ಮಾಡಿದೆ. ಶನಿವಾರ ಕೊನೆಯ ಹತ್ತು ನಿಮಿಷ, ಕಾಲು ಹಾಳೆ, ಹೆಸರು ಬೇಡ. ಒಂದೇ ಪ್ರಶ್ನೆ: ಈ ವಾರ ಶಾಲೆಯಲ್ಲಿ ಏನು ಬೇಜಾರಾಯಿತು?

ಮೊದಲ ವಾರ ಬಂದದ್ದು 31 ಚೀಟಿ, ಅದರಲ್ಲಿ 27ರಲ್ಲಿ "ಏನೂ ಇಲ್ಲ". ಎರಡನೇ ವಾರವೂ ಹಾಗೇ. ಆಮೇಲೆ ಒಬ್ಬಳು ಹುಡುಗಿ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದಳು, "ಅಕ್ಕೋರೆ, ನಿಮಗೆ ನಮ್ಮೆಲ್ಲರ ಅಕ್ಷರ ಗೊತ್ತು." ಹೌದಲ್ವಾ! ದಿನಾ ತಿದ್ದುವವಳು ನಾನೇ. ದಾರಿಯನ್ನೂ ಅವಳೇ ಹೇಳಿದಳು. ಕ್ಲಾಸಿನವರೇ ಇಬ್ಬರನ್ನು ಆರಿಸಿದರು, ಆ ಇಬ್ಬರು ಚೀಟಿಗಳನ್ನೆಲ್ಲ ಒಂದು ಹಾಳೆಗೆ ನಕಲು ಮಾಡಿ ನನಗೆ ಹಾಳೆ ಮಾತ್ರ ಕೊಡುವುದು, ಚೀಟಿ ಬಿಸಿಯೂಟದ ಒಲೆಗೆ. ಹೊಡೆತ, ಮೈಮುಟ್ಟುವುದು, ಅಂಥದ್ದೇನಾದರೂ ಇದ್ದರೆ ಅದು ಚೀಟಿಯ ವಿಷಯ ಅಲ್ಲ, ನೇರವಾಗಿ ನನ್ನ ಹತ್ತಿರ ಬನ್ನಿ, ನನ್ನ ಹತ್ತಿರವೂ ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ. ಅದು ಇವತ್ತಿಗೂ ಅಳಿಸಿಲ್ಲ.

ಮೂರನೇ ವಾರದಿಂದ ಮಾತು ಹೊರಟಿತು. ಮಳೆ ರಜೆಗೆ ಬದಲು ಶನಿವಾರ ಇಡೀ ದಿನ ಕ್ಲಾಸು ಯಾಕೆ? ಪಿಟಿ ಪಿರಿಯಡ್ಡನ್ನು ಗಣಿತಕ್ಕೆ ಯಾಕೆ ತೆಗೆದುಕೊಳ್ಳುತ್ತೀರಿ? ಸಂಜೆಯ ವಿಶೇಷ ತರಗತಿ ಮುಗಿಯುವಷ್ಟರಲ್ಲಿ ಬಸ್ ಹೋಗಿರುತ್ತದೆ, ಮನೆ ಮುಟ್ಟುವಾಗ ಏಳೂವರೆ. ಒಂದು ಸಾಲು ಕೊಂಕಣಿಯಲ್ಲಿತ್ತು, "ಮಾಕಾ ಕಳ್ನಾ", ಅಷ್ಟೇ. ಅಂದರೆ, "ನನಗೆ ಅರ್ಥ ಆಗುವುದಿಲ್ಲ". ಅದರ ಕೆಳಗೇ ಇನ್ನೊಂದು, "ನೀವು ಅರ್ಥ ಆಯ್ತಾ ಅಂತ ಕೇಳ್ತೀರಿ, ಉತ್ತರಕ್ಕೆ ಕಾಯೋದಿಲ್ಲ."

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಪ್ರಶ್ನೆ ಕೇಳುತ್ತಿದ್ದೇನೆ.

ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಹಾಳೆಯ ಒಂದೊಂದು ಸಾಲಿಗೂ ಉತ್ತರ ಕೊಡುತ್ತೇನೆ. ಆಗುತ್ತದೆ, ಆಗುವುದಿಲ್ಲ, ಇಷ್ಟು ದಿನ ಬೇಕು, ಮೂರರಲ್ಲಿ ಒಂದು. ಶನಿವಾರದ್ದು ನನ್ನ ಕೈಯಲ್ಲಿಲ್ಲ, ಹೋದ ದಿನಗಳನ್ನು ತುಂಬಿಸಲೇಬೇಕು ಅಂತ ಹೇಳಿದೆ. ಬೇಜಾರಾದರೂ ಒಪ್ಪಿದರು. ಪಿಟಿ ಪಿರಿಯಡ್ ವಾಪಸ್ ಬಂತು. ಬಸ್ಸಿನ ವಿಷಯವನ್ನು ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಒಂಬತ್ತನೆಯವಳೊಬ್ಬಳು ಎದ್ದು ನಿಂತು ಓದಿದಳು. ಕೈ ನಡುಗುತ್ತಿತ್ತು, ಓದುವುದು ಮಾತ್ರ ನಿಲ್ಲಿಸಲಿಲ್ಲ. ಬಸ್ ಇನ್ನೂ ಬದಲಾಗಿಲ್ಲ.

ನನ್ನ ಪಾಠ ಬದಲಾದದ್ದು ಒಂದು ಸಾಲಿನಿಂದ: "ಉಪ್ಪಿನ ಬಗ್ಗೆ ನಮಗೆ ಗೊತ್ತು, ಯಾರೂ ಕೇಳೂದಿಲ್ಲ." ಹತ್ತನೆಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಇದೆ. ನಮ್ಮ ಮಕ್ಕಳಲ್ಲಿ ಕೆಲವರ ಮನೆಯವರು ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುತ್ತಾರೆ. ಆ ಪಾಠದ ದಿನ ಚಾಕ್‌ಪೀಸನ್ನು ಅವರ ಕೈಗೇ ಕೊಟ್ಟೆ. ಒಬ್ಬಳು ಬೋರ್ಡಿನ ಮೇಲೆ ಕಟ್ಟೆ ಬರೆದಳು. ಭರತದ (ಸಮುದ್ರದ ಉಬ್ಬರದ) ನೀರು ಒಳಗೆ ಬಿಡುವುದು, ಬಿಸಿಲಿಗೆ ಒಂದು ಪಾತಿಯಿಂದ ಇನ್ನೊಂದಕ್ಕೆ ದಾಟಿಸುವುದು, ಹರಳು ಕಟ್ಟುವುದು. "ಉಪ್ಪು ಕೂತ ಮೇಲೆ ಉಳಿದ ನೀರು ಹೊರಗೆ ಬಿಡ್ಬೇಕು, ಇಲ್ಲಾಂದ್ರೆ ಉಪ್ಪು ಕಹಿ ಆಗ್ತದೆ" ಅಂದಳು. ಕಹಿ ಯಾಕೆ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಆ ಉಳಿದ ನೀರಿನಲ್ಲಿ ಮೆಗ್ನೀಸಿಯಂ ಲವಣಗಳು ಜಾಸ್ತಿ ಇರುತ್ತವೆ, ಅದಕ್ಕೆ ಅಂತ ನಾನು ವಿವರಿಸಿದೆ. ಅಷ್ಟು ಸಾಕಾಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಈಗ ಎರಡನೇ ವರ್ಷ. ಶುರು ಮಾಡಬೇಕು ಅನ್ನುವ ಶಿಕ್ಷಕರಿಗೆ ನಾನು ಹೇಳುವುದು ಇಷ್ಟೇ, ಸೋಮವಾರ ಉತ್ತರ ಕೊಡಲು ಆಗದಿದ್ದರೆ ಶನಿವಾರ ಚೀಟಿ ಹಂಚಬೇಡಿ. ಒಂದು ಸೋಮವಾರ ನಾನು ತರಬೇತಿಗೆ ಹೋಗಿ ಉತ್ತರ ತಪ್ಪಿಸಿದೆ. ಆ ವಾರ ಮತ್ತೆ "ಏನೂ ಇಲ್ಲ" ಬಂತು, ಸರಿಯಾಗಲು ಒಂದು ತಿಂಗಳು ಹಿಡಿಯಿತು.

ಸಂಜೆಯ ವಿಶೇಷ ತರಗತಿ ಬೇಡ, ಬೆಳಿಗ್ಗೆ ಇಡಿ ಅನ್ನುವ ಸಾಲು ಈ ಶನಿವಾರ ನಾಲ್ಕನೇ ಸಲ ಬಂದಿದೆ. "ಇಷ್ಟು ದಿನ ಬೇಕು" ಅಂತ ಮೂರು ಸಲ ಹೇಳಿ ಆಯಿತು. ಶುಕ್ರವಾರ ಸ್ಟಾಫ್ ಮೀಟಿಂಗ್ ಇದೆ, ಹಾಳೆಯನ್ನು ಡೈರಿಯೊಳಗೆ ಮಡಚಿ ಇಟ್ಟುಕೊಂಡಿದ್ದೇನೆ.