ದ್ರಾಕ್ಷಿ ಗುಡ್ಡದ ಬಾಂದುಕಲ್ಲು: ಜರ್ಮನಿಯ ವೈನ್ ಸೀಮೆಯಲ್ಲಿ ಮಾಯಾ ಪತ್ತೇದಾರಿ ಕತೆ ಕಟ್ಟುವುದು ಹೇಗೆ

ಜರ್ಮನಿಯ ವೈನ್ ಸೀಮೆ ಎಂದೊಡನೆ ಬರೆಯುವವರ ಕೈ ರೈನ್ ನದಿ, ಪಾಳುಕೋಟೆ, ಬಂಡೆಯ ಮೇಲೆ ಕೂತು ಹಾಡುವ ಲೊರೆಲೈ ಕಡೆಗೆ ಹೋಗುತ್ತದೆ. ಅದನ್ನು ಬಿಟ್ಟುಬಿಡಿ. ಆ ಹಾಡುವ ಹೆಣ್ಣು ಪುರಾತನ ದೇವತೆಯೇನಲ್ಲ, 1801ರಲ್ಲಿ ಕ್ಲೆಮೆನ್ಸ್ ಬ್ರೆಂಟಾನೊ ಬರೆದ ಕವನದಿಂದ ಬಂದವಳು. ಪತ್ತೇದಾರಿ ಕತೆಗೆ ಅವಳಿಗಿಂತ ಗಟ್ಟಿಯಾದ ಸರಕು ಬವೇರಿಯಾ ರಾಜ್ಯದ ಉತ್ತರಕ್ಕಿರುವ ಫ್ರಾಂಕೋನಿಯಾ ಸೀಮೆಯಲ್ಲಿದೆ. ಅಲ್ಲಿನ ಮುಖ್ಯ ಪಟ್ಟಣ ವ್ಯೂರ್ಟ್ಸ್‌ಬುರ್ಗ್. ದ್ರಾಕ್ಷಿ ತೋಟಗಳು ಪಟ್ಟಣದ ಒಳಗೇ ಇವೆ. ರೈಲು ನಿಲ್ದಾಣದಲ್ಲಿ ನಿಂತು ತಲೆ ಎತ್ತಿದರೆ ‘ಸ್ಟೈನ್’ ಎಂಬ ಹೆಸರಾಂತ ದ್ರಾಕ್ಷಿ ಗುಡ್ಡ ಕಾಣುತ್ತದೆ. ನಗರದ ನಡುವೆ ನಡೆಯುವ ಮಾಯೆಯ ಕತೆಗೆ ಇದಕ್ಕಿಂತ ಹೊಂದುವ ಊರು ಆ ದೇಶದಲ್ಲಿ ಸಿಗುವುದು ಕಷ್ಟ.

ಮೊದಲ ಕೆಲಸ, ಮಾಯೆ ಮತ್ತು ಅಪರಾಧ ಎರಡನ್ನೂ ಒಂದೇ ಸ್ಥಳೀಯ ಕಟ್ಟಳೆಗೆ ಕಟ್ಟುವುದು. ನದಿ ದೇವತೆ ಒಂದು ಕಡೆ, ಕೊಲೆ ಇನ್ನೊಂದು ಕಡೆ ಇದ್ದರೆ ಓದುಗರಿಗೆ ಎರಡು ಅರ್ಧ ಕತೆಗಳು ಸಿಗುತ್ತವೆ. ಫ್ರಾಂಕೋನಿಯಾದಲ್ಲಿ ಆ ಕಟ್ಟಳೆ ಬಾಂದುಕಲ್ಲಿನದು. ಬವೇರಿಯಾ ರಾಜ್ಯದ ಊರುಗಳಲ್ಲಿ ಗಡಿಕಲ್ಲು ನೆಡಲು, ಸರಿಪಡಿಸಲು ಪ್ರಮಾಣ ಮಾಡಿದ ಊರವರಿರುತ್ತಾರೆ. ಅವರನ್ನು ಫೆಲ್ಡ್‌ಗೆಶ್ವೋರನ ಎನ್ನುತ್ತಾರೆ. ಫ್ರಾಂಕೋನಿಯಾದವರ ಬಾಯಲ್ಲಿ ಅವರು ಸೀಬನರ್, ಅಂದರೆ ಏಳು ಮಂದಿ. ಊರಿಗೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಜನ ಇರುತ್ತಾರೆ. ಹುದ್ದೆ ಜೀವಾವಧಿಯದು, ಒಬ್ಬರ ಜಾಗ ತೆರವಾದರೆ ಉಳಿದವರೇ ಹೊಸಬರನ್ನು ಆರಿಸುತ್ತಾರೆ. ಕಲ್ಲಿನ ಬುಡದಲ್ಲಿ ಅವರು ಗುಟ್ಟಿನ ಗುರುತು ಹೂಳುತ್ತಾರೆ: ಸುಟ್ಟ ಮಣ್ಣಿನ ಬಿಲ್ಲೆ, ಗಾಜು, ಪಿಂಗಾಣಿ ಚೂರು. ಯಾವುದನ್ನು ಯಾವ ದಿಕ್ಕಿಗೆ, ಯಾವ ಕ್ರಮದಲ್ಲಿ ಇಡಬೇಕೆಂಬುದು ಬಾಯಿಂದ ಬಾಯಿಗೆ ಬಂದ ಗುಟ್ಟು. ಸಾಯುವವರೆಗೂ ಹೊರಗೆ ಹೇಳುವಂತಿಲ್ಲ. ಯಾರಾದರೂ ರಾತ್ರಿ ಕಲ್ಲು ಕಿತ್ತು ಸರಿಸಿ ನೆಟ್ಟರೆ ಮೇಲಿನಿಂದ ಏನೂ ಗೊತ್ತಾಗದು, ಅಗೆದಾಗ ಗೊತ್ತಾಗುತ್ತದೆ. ಈ ಪದ್ಧತಿ 2016ರಲ್ಲಿ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಪ್ರಮಾಣ, ಗುಟ್ಟು, ಹೂತ ಗುರುತು, ಜೀವಾವಧಿ ಹುದ್ದೆ ಎಲ್ಲವೂ ಸಿದ್ಧವಾಗಿರುವಾಗ ಮಾಂತ್ರಿಕರ ರಹಸ್ಯ ಸಂಘವನ್ನು ನೀವು ಹೊಸದಾಗಿ ಹುಟ್ಟಿಸಬೇಕಿಲ್ಲ.

ಮಾಯೆಯೂ ಇದೇ ನೆಲದಲ್ಲಿ ಸಿಗುತ್ತದೆ. ಗಡಿಕಲ್ಲು ಸರಿಸಿದವನು ಸತ್ತ ಮೇಲೆ ಕೆಂಡದಂತೆ ಉರಿಯುವ ಕಲ್ಲನ್ನು ಹೊತ್ತು ಗದ್ದೆಯಂಚಿನಲ್ಲಿ ಅಲೆಯುತ್ತಾನೆ, ಸಿಕ್ಕವರನ್ನು “ಎಲ್ಲಿಡಲಿ, ಎಲ್ಲಿಡಲಿ?” ಎಂದು ಕೇಳುತ್ತಾನೆ ಎಂಬ ಕತೆ ಜರ್ಮನ್ ನಾಡಿನ ಉದ್ದಗಲಕ್ಕೂ ಇದೆ. “ತೆಗೆದಲ್ಲೇ ಇಡು” ಎಂದು ಯಾರಾದರೂ ಹೇಳಿದರೆ ಅವನಿಗೆ ಬಿಡುಗಡೆ. ಇದನ್ನು ನಿಮ್ಮ ಕತೆಯ ನಿಯಮವಾಗಿ ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಮೂರು ಮಿತಿ ಹಾಕಿ. ಒಂದು, ಈ ಪ್ರೇತಕ್ಕೆ ಗೊತ್ತಿರುವುದು ಕಲ್ಲಿನ ವಿಷಯ ಮಾತ್ರ. ಕೊಲೆಗಾರನ ಹೆಸರು ಗೊತ್ತಿಲ್ಲ. ಎರಡು, ಅದು ತನ್ನ ಕಲ್ಲಿನ ಎರಡು ಜಾಗಗಳ ನಡುವೆ ಬಿಟ್ಟು ಬೇರೆಲ್ಲೂ ಕಾಣದು. ಮೂರು, ಕಲ್ಲನ್ನು ಎರಡು ಸಲ ಸರಿಸಿದ್ದರೆ ‘ತೆಗೆದಲ್ಲಿ’ ಎಂಬ ಉತ್ತರ ಫಲಿಸದು, ಏಕೆಂದರೆ ಕೊನೆಗೆ ತೆಗೆದ ಜಾಗವೂ ಮೊದಲೇ ತಪ್ಪು. ಕತೆಯ ತಿರುವು ಈ ಮೂರನೆಯದರಲ್ಲಿದೆ: ಪತ್ತೇದಾರ ಸರಿಯಾದ ಉತ್ತರ ಕೊಟ್ಟರೂ ಪ್ರೇತ ಹೋಗುವುದಿಲ್ಲ ಎಂದರೆ ಎರಡನೆಯ ಕಳ್ಳನೊಬ್ಬನಿದ್ದಾನೆ, ಅವನಿನ್ನೂ ಬದುಕಿದ್ದಾನೆ.

ಈಗ ಉದ್ದೇಶಕ್ಕೆ ಲೆಕ್ಕ ಹಾಕಿ. ಬಹಳ ಕತೆಗಳು ಎಡವುವುದು ಇಲ್ಲೇ. 60 ಮೀಟರ್ ಉದ್ದದ ಸಾಲಿನಲ್ಲಿ ಕಲ್ಲು 40 ಸೆಂ.ಮೀ. ಸರಿದರೆ ಒತ್ತುವರಿಯಾದ ಜಾಗ ಹೆಚ್ಚೆಂದರೆ 24 ಚದರ ಮೀಟರ್. ಫ್ರಾಂಕೋನಿಯಾದಲ್ಲಿ ಹೆಕ್ಟೇರಿಗೆ ಗರಿಷ್ಠ 90 ಹೆಕ್ಟೋಲೀಟರ್ ವೈನ್ ಮಾಡಬಹುದು, ಅಂದರೆ ಚದರ ಮೀಟರಿಗೆ 0.9 ಲೀಟರ್. 24 ಚದರ ಮೀಟರಿಗೆ ಹೆಚ್ಚೆಂದರೆ 28 ಬಾಟಲಿ. ಅಷ್ಟಕ್ಕೆ ಯಾರೂ ಕೊಲೆ ಮಾಡುವುದಿಲ್ಲ. ಹಾಗಾಗಿ ನೆಲದಾಸೆ ಮೇಲುನೋಟದ ಕಾರಣವಾಗಿರಲಿ, ಪೊಲೀಸರೂ ಮೊದಲು ಅದನ್ನೇ ನಂಬಲಿ. ನಿಜವಾದ ಕಾರಣ ಪ್ರಮಾಣದಲ್ಲಿರಲಿ: ಗುಟ್ಟು ಬಲ್ಲ ಸೀಬನರ್ ಒಬ್ಬರೇ ಹಿಂದೆ ಕಲ್ಲು ಸರಿಸಿ, ಬುಡದ ಗುರುತನ್ನೂ ಸರಿಯಾಗಿಯೇ ಜೋಡಿಸಿದ್ದಾರೆ. ಅದು ಬಯಲಾದರೆ ಆ ಊರಿನ ಪ್ರತಿ ಕಲ್ಲೂ ಅನುಮಾನದ್ದೇ. ಹೊರಗಿನವರು ಸರಿಸಿದ್ದರೆ ಗುರುತು ಕೆಟ್ಟಿರುತ್ತಿತ್ತು. ಕೆಡದೆ ಇರುವುದೇ ಸುಳಿವು. ಇಂದಿನ ಸರ್ವೆ ಉಪಗ್ರಹದ ನೆರವಿನಿಂದ ನಿರ್ದೇಶಾಂಕ ಕೊಡುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಕತೆಯಲ್ಲಿ ಕಲ್ಲು ಸರಿದದ್ದು ಆ ಅಳತೆಗೆ ಎಷ್ಟೋ ವರ್ಷ ಮೊದಲು ಎಂದಿಡಿ. ಆಗ ಕಂಪ್ಯೂಟರಿನಲ್ಲಿ ದಾಖಲಾದದ್ದು ತಪ್ಪು ಜಾಗವೇ.

ಸಾವಿಗೆ ಕತ್ತಿ, ವಿಷ ಬೇಡ, ನೆಲಮಾಳಿಗೆ ಸಾಕು. ದ್ರಾಕ್ಷಿರಸ ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಬಣ್ಣವಿಲ್ಲ, ನೆಲದಿಂದ ಮೇಲಕ್ಕೆ ತುಂಬಿಕೊಳ್ಳುತ್ತದೆ. ಲೀಟರಿಗೆ 180 ಗ್ರಾಂ ಸಕ್ಕರೆಯಿರುವ ರಸ ಪೂರ್ತಿ ಹುದುಗಿದರೆ ಲೀಟರಿಗೆ ಸುಮಾರು 48 ಲೀಟರ್ ಅನಿಲ. 1200 ಲೀಟರಿನ ಒಂದು ತೊಟ್ಟಿಗೆ ಸುಮಾರು 57 ಘನ ಮೀಟರ್. ಆದರೆ ಅದೆಲ್ಲ ಒಂದೇ ರಾತ್ರಿ ಬರುವುದಿಲ್ಲ. ಹುದುಗು ಜೋರಿರುವಾಗ ದಿನಕ್ಕೆ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ: ತೊಟ್ಟಿಗೆ 5.7 ಘನ ಮೀಟರ್. 8 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಮಾಳಿಗೆಯ ಅಳತೆ 120 ಘನ ಮೀಟರ್. ಒಂದೇ ತೊಟ್ಟಿಯಿದ್ದರೆ 12 ಗಂಟೆಯಲ್ಲಿ ಅನಿಲ ಶೇ. 2ರಷ್ಟು, ತಲೆನೋವು ಬರಬಹುದು. ಆರು ತೊಟ್ಟಿಗಳಿದ್ದು ಗಾಳಿ ಯಂತ್ರ ನಿಂತರೆ ಅಷ್ಟೇ ಹೊತ್ತಿಗೆ ಸರಾಸರಿ ಶೇ. 14, ನೆಲದ ಹತ್ತಿರ ಇನ್ನೂ ಹೆಚ್ಚು. ಶೇ. 10 ದಾಟಿದರೆ ಮನುಷ್ಯ ಬೇಗನೆ ಪ್ರಜ್ಞೆ ತಪ್ಪಿ ಬೀಳುತ್ತಾನೆ, ಬಿದ್ದವನು ಇನ್ನೂ ದಟ್ಟ ಅನಿಲಕ್ಕೇ ಬೀಳುತ್ತಾನೆ. ಹೀಗಾಗಿ ಕೊಲೆಗಾರ ಮಾಡಬೇಕಾದ್ದು ಇಷ್ಟೇ: ಗಾಳಿ ಯಂತ್ರ ನಿಲ್ಲಿಸುವುದು, ಅನಿಲ ಎಚ್ಚರಿಕೆ ಯಂತ್ರವನ್ನು ಕೆಳಗಿನ ಗೂಟದಿಂದ ತೆಗೆದು ತಲೆಯ ಮಟ್ಟಕ್ಕಿಂತ ಮೇಲೆ ತೂಗುಹಾಕುವುದು. ಆ ಗೂಟದ ಮೇಲೆ ಧೂಳಿಲ್ಲದ ದುಂಡು ಗುರುತೊಂದು ಉಳಿದಿರಲಿ. ಎರಡನೇ ಅಧ್ಯಾಯದಲ್ಲೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಇಲ್ಲಿ ನಾಲ್ಕು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಶವದ ಮೇಲೆ ಚೆರ್ರಿ ಕೆಂಪು ಕಲೆ ಎಂದು ಬರೆಯುತ್ತಾರೆ, ಅದು ಕಾರ್ಬನ್ ಮೊನಾಕ್ಸೈಡಿನ ಗುರುತು. ಡೈಆಕ್ಸೈಡಿಗೆ ಅಂಥ ಖಚಿತ ಗುರುತು ಶವಪರೀಕ್ಷೆಯಲ್ಲಿ ಸಿಗದು, ಆದ್ದರಿಂದ ಸ್ಥಳದಲ್ಲೇ ಅಳೆದ ಅನಿಲದ ಪ್ರಮಾಣವೇ ಮುಖ್ಯ. ಉರಿವ ಮೇಣದಬತ್ತಿ ಹಿಡಿದು ಇಳಿದರೆ ಕ್ಷೇಮ ಎಂದು ಬರೆಯುತ್ತಾರೆ, ಬತ್ತಿ ಆರುವ ಮಟ್ಟಕ್ಕೆ ಮುಂಚೆಯೇ ಮನುಷ್ಯ ಕುಸಿಯಬಹುದು. ಪತ್ತೇದಾರ ನೇರ ಕೆಳಗೆ ಓಡುತ್ತಾನೆ, ನಿಜದಲ್ಲಿ ಹಾಗೆ ಓಡಿದವರೇ ಎರಡನೇ ಶವವಾಗುವುದು. ಅಗ್ನಿಶಾಮಕದವರು ಉಸಿರಾಟದ ಉಪಕರಣ ತೊಟ್ಟು ಇಳಿದು, ಗಾಳಿ ಹಾಯಿಸಿ, ಅಳೆದ ಮೇಲಷ್ಟೇ ಉಳಿದವರಿಗೆ ಪ್ರವೇಶ. ಆ ಕಾಯುವ ಹೊತ್ತನ್ನು ವ್ಯರ್ಥ ಮಾಡಬೇಡಿ: ಅಂಗಳದಲ್ಲಿ ನಿಂತ ಮನೆಯವರಲ್ಲಿ ಯಾರು ಮಾಳಿಗೆಯ ಬಾಗಿಲು ನೋಡುತ್ತಿದ್ದಾರೆ, ಯಾರು ಗುಡ್ಡದ ಕಡೆ ನೋಡುತ್ತಿದ್ದಾರೆ ಎಂಬುದನ್ನು ಆಗಲೇ ತೋರಿಸಬೇಕು. ನಾಲ್ಕನೆಯದು ಕಾಲದ್ದು. ಜೂನ್‌ನಲ್ಲಿ ಈ ಸಾವು ನಡೆಯದು. ಕೊಯ್ಲು ಸೆಪ್ಟೆಂಬರಿನಲ್ಲಿ ಶುರು, ಹುದುಗಿನ ಭರ ಅಲ್ಲಿಂದ ಅಕ್ಟೋಬರ್ ಮುಗಿಯುವವರೆಗೆ.

ದಿನವನ್ನೂ ಹೇಳಿಬಿಡಬಹುದು: ಅಕ್ಟೋಬರಿನ ಕೊನೆಯ ಭಾನುವಾರ. ಅಂದು ಬೆಳಗಿನ ಜಾವ 3 ಗಂಟೆಗೆ ಗಡಿಯಾರವನ್ನು 2ಕ್ಕೆ ತಿರುಗಿಸುತ್ತಾರೆ, ಎರಡರಿಂದ ಮೂರರ ನಡುವಿನ ಗಂಟೆ ಎರಡು ಸಲ ಬರುತ್ತದೆ. ಎರಡೂವರೆಗೆ ಮನೆಯಲ್ಲಿದ್ದೆ ಎನ್ನುವವನು ನಿಜವನ್ನೇ ಹೇಳುತ್ತಿರಬಹುದು, ಆದರೆ ಯಾವ ಎರಡೂವರೆ? ಪ್ರೇತ ಕಾಣಿಸುವುದು ಯಾರ ಲೆಕ್ಕಕ್ಕೂ ಸೇರದ ಆ ಎರಡನೆಯ ಗಂಟೆಯಲ್ಲಿ ಎಂದು ಕಟ್ಟಿದರೆ ಮಾಯೆಯೂ ಸಾಕ್ಷ್ಯವೂ ಒಂದೇ ಗಂಟಿಗೆ ಬರುತ್ತವೆ.

ಪೊಲೀಸರ ವಿಷಯದಲ್ಲಿ ನಮ್ಮ ಠಾಣೆಯ ರೂಢಿಯನ್ನು ಹೊತ್ತೊಯ್ಯಬೇಡಿ. ಜರ್ಮನಿಯಲ್ಲಿ ಪೊಲೀಸ್ ರಾಜ್ಯದ ವಿಷಯ. ವ್ಯೂರ್ಟ್ಸ್‌ಬುರ್ಗ್ ಬವೇರಿಯಾದ ಉಂಟರ್‌ಫ್ರಾಂಕನ್ ಪೊಲೀಸ್ ವಿಭಾಗದ ಕೇಂದ್ರ. ಕೊಲೆ ತನಿಖೆಯ ಹೊಣೆ ಸ್ಟಾಟ್ಸ್‌ಆನ್‌ವಾಲ್ಟ್, ಅಂದರೆ ಸರ್ಕಾರಿ ಅಭಿಯೋಜಕರದು. ಕೊಮಿಸಾರ್, ಅಂದರೆ ತನಿಖೆಯ ಪೊಲೀಸ್ ಅಧಿಕಾರಿ, ಅಭಿಯೋಜಕರ ಪರವಾಗಿ ಕೆಲಸ ಮಾಡುತ್ತಾರೆ. ಶವಪರೀಕ್ಷೆ ಇಬ್ಬರು ವೈದ್ಯರಿಂದ ಆಗಬೇಕು, ಒಬ್ಬರು ನ್ಯಾಯಾಲಯದ ವೈದ್ಯರೋ ನ್ಯಾಯವೈದ್ಯ ಸಂಸ್ಥೆಯಂಥ ಕಡೆಯವರೋ ಆಗಿರಬೇಕು. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲೇ ಅಂಥ ಸಂಸ್ಥೆಯಿದೆ. ಮನೆ ಶೋಧಕ್ಕೆ ನ್ಯಾಯಾಧೀಶರ ಆದೇಶ ಬೇಕು, ತಡ ಮಾಡಿದರೆ ಸಾಕ್ಷ್ಯ ಕೈತಪ್ಪುವ ಹೊತ್ತಿನಲ್ಲಿ ಮಾತ್ರ ವಿನಾಯಿತಿ. ಹಿಡಿದವನನ್ನು ಮರುದಿನ ಮುಗಿಯುವುದರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಈ ಗಡುವು ಕತೆಯ ಬಿಗಿಗೆ ಒಳ್ಳೆಯದು: ಪ್ರೇತದ ಮಾತಿನ ಮೇಲೆ ಯಾರನ್ನೂ ಒಳಗಿಡಲು ಬಾರದು.

ಇದಕ್ಕಾಗಿ ಬರೆಯುವ ಮೊದಲೇ ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಮಾಯೆಯಿಂದ ತಿಳಿದದ್ದು, ಬಲಕ್ಕೆ ಅದನ್ನೇ ಸಾಬೀತು ಮಾಡುವ, ಕಡತಕ್ಕೆ ಸೇರಬಲ್ಲ ವಸ್ತು. ಬಲಭಾಗ ಖಾಲಿ ಇರುವ ಪ್ರತಿ ಸಾಲೂ ಕತೆಯ ತೂತು. ಪ್ರೇತ ತೋರಿದ ಜಾಗಕ್ಕೆ ಎದುರಾಗಿ ಅಗೆದ ಬಿಲ್ಲೆ ಬರಲಿ. ಸತ್ತವನು ಯಾರೊಡನೆ ಕುಡಿದ ಎಂಬುದಕ್ಕೆ ಬಾಟಲಿ ಬರಲಿ. ಜರ್ಮನಿಯ ಗುಣಮಟ್ಟದ ವೈನಿನ ಪ್ರತಿ ಲೇಬಲಿನ ಮೇಲೂ ಎ.ಪಿ. ಸಂಖ್ಯೆ, ಅಂದರೆ ಅಧಿಕೃತ ಪರೀಕ್ಷೆಯ ಸಂಖ್ಯೆ, ಇರುತ್ತದೆ, ಅದರಲ್ಲಿ ಬಾಟಲಿ ತುಂಬಿದವರ ಗುರುತು, ಪರೀಕ್ಷೆಗೆ ಕೊಟ್ಟ ಕ್ರಮಸಂಖ್ಯೆ, ಕೊನೆಗೆ ಪರೀಕ್ಷೆಯ ವರ್ಷ. ಒಂದೇ ತೋಟ, ಒಂದೇ ವರ್ಷದ ಕೊಯ್ಲು, ಒಂದೇ ಚಿತ್ರದ ಲೇಬಲ್ ಇದ್ದರೂ ಬೇರೆ ತೊಟ್ಟಿಯಿಂದ ಬೇರೆ ಸಲ ತುಂಬಿ ಪರೀಕ್ಷೆಗೆ ಕೊಟ್ಟದ್ದಾದರೆ ಸಂಖ್ಯೆ ಬೇರೆ. ‘ಆ ರಾತ್ರಿ ನಾವು ಕುಡಿದದ್ದು ಇದೇ ಬಾಟಲಿ’ ಎಂಬ ಸುಳ್ಳು ಈ ಸಣ್ಣ ಅಂಕಿಗಳಲ್ಲಿ ಮುರಿಯುತ್ತದೆ. ಬಾಟಲಿಯ ಆಕಾರವನ್ನೂ ಬರೆಯಿರಿ: ಫ್ರಾಂಕೋನಿಯಾದ ಬಾಕ್ಸ್‌ಬಾಯ್ಟಲ್ ಚಪ್ಪಟೆ ಹೊಟ್ಟೆಯದು, ನೆಲಕ್ಕೆ ಬಿದ್ದರೂ ಉದ್ದ ಬಾಟಲಿಯಂತೆ ದೂರ ಉರುಳಿ ಹೋಗದು. ಅಡ್ಡ ಬಿದ್ದದ್ದು ಕೋಣೆಯ ಆ ಮೂಲೆಯಲ್ಲಿ ಸಿಕ್ಕರೆ ಯಾರೋ ಇಟ್ಟಿದ್ದಾರೆ.

ಮಣ್ಣು ಕೂಡ ಸಾಕ್ಷಿ. ಪಶ್ಚಿಮದಲ್ಲಿ ಕೆಂಪು ಮರಳುಗಲ್ಲು, ವ್ಯೂರ್ಟ್ಸ್‌ಬುರ್ಗ್ ಸುತ್ತ ಚಿಪ್ಪುಗಳಿರುವ ಸುಣ್ಣಕಲ್ಲು, ಪೂರ್ವದ ಸ್ಟೈಗರ್‌ವಾಲ್ಡ್ ಕಡೆ ಕೊಯ್ಪರ್ ಎಂಬ ಜೇಡಿ ಬೆರೆತ ಪದರ. ಬೂಟಿನಲ್ಲಿ ಕೆಂಪು ಪುಡಿ ಸಿಕ್ಕಿದೊಡನೆ ಆಸಾಮಿ ಪಶ್ಚಿಮದಿಂದ ಬಂದ ಎಂದು ತೀರ್ಮಾನಿಸುವ ಪತ್ತೇದಾರ ತಪ್ಪು ಮಾಡುತ್ತಾನೆ, ಪಟ್ಟಣದ ಹಳೆಯ ಕಟ್ಟಡಗಳಲ್ಲೂ ಅದೇ ಕಲ್ಲಿದೆ. ದಾರಿ ತಪ್ಪಿಸುವ ಸುಳಿವಿಗೆ ಇದು ಚೆನ್ನ.

ಶಂಕಿತರನ್ನು ಒಂದೆಡೆ ಕೂರಿಸಲು ಹೋಟೆಲು ಬೇಡ, ಹೆಕನ್‌ವಿರ್ಟ್‌ಶಾಫ್ಟ್ ಇದೆ: ದ್ರಾಕ್ಷಿ ಬೆಳೆಗಾರರು ತಮ್ಮ ಮನೆಯಲ್ಲೇ ತೆರೆಯುವ ಕುಡಿಯುವ ತಾಣ. ವರ್ಷಕ್ಕೆ ನಾಲ್ಕು ತಿಂಗಳು, ಹೆಚ್ಚೆಂದರೆ ಎರಡು ಕಂತಿನಲ್ಲಿ, 40 ಆಸನ ಮೀರದಂತೆ. ಒಂದೇ ಬೆಂಚಿನಲ್ಲಿ ಗೊತ್ತಿಲ್ಲದವರೂ ಒತ್ತಿಕೊಂಡು ಕೂರುತ್ತಾರೆ. ಕಾಲು ಲೀಟರಿನ ಶಾಪನ್ ಲೋಟದಲ್ಲಿ ಸಿಲ್ವಾನರ್ ಎಂಬ ಬಿಳಿ ವೈನ್, ತಟ್ಟೆಯಲ್ಲಿ ಈರುಳ್ಳಿ ಕೇಕ್, ಇನ್ನೂ ಹುದುಗುತ್ತಿರುವ ಬ್ರೆಮ್ಸರ್. ಬ್ರೆಮ್ಸರ್ ಬಾಟಲಿಯ ಬಾಯನ್ನು ಬಿಗಿಯಾಗಿ ಮುಚ್ಚುವುದಿಲ್ಲ, ಮುಚ್ಚಿದರೆ ಒಡೆಯುತ್ತದೆ. ಅದನ್ನು ಬಿಗಿದು ಕಾರಿನಲ್ಲಿಟ್ಟವನು ಈ ಊರವನಲ್ಲ ಎಂದು ಪಕ್ಕದ ಬೆಂಚಿನವರಿಗೂ ತಿಳಿಯುತ್ತದೆ. ಸಂಭಾಷಣೆಯಲ್ಲಿ ಬೆಳೆಗಾರರು ತಮ್ಮೊಳಗೆ ‘ನೀನು’ ಎನ್ನಲಿ, ಪೊಲೀಸರು ಕೊನೆಯವರೆಗೂ ‘ನೀವು’ ಬಿಡದಿರಲಿ. ವಿಚಾರಣೆಯಲ್ಲಿ ಒಮ್ಮೆ ಬಾಯ್ತಪ್ಪಿ ಬಂದ ‘ನೀನು’ ಹಳೆಯ ನಂಟನ್ನು ಹೇಳಿಬಿಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. 1626ರಿಂದ 1631ರವರೆಗೆ ಇಲ್ಲಿನ ರಾಜ-ಬಿಷಪ್ ಫಿಲಿಪ್ ಅಡಾಲ್ಫ್ ಫಾನ್ ಎರನ್‌ಬೆರ್ಗ್ ಆಳ್ವಿಕೆಯಲ್ಲಿ ಮಾಟದ ಆರೋಪ ಹೊರಿಸಿ ನೂರಾರು ಜನರನ್ನು, ಮಕ್ಕಳನ್ನೂ ಸೇರಿಸಿ, ಕೊಂದರು. 1749ರಲ್ಲೂ ಪಕ್ಕದ ಉಂಟರ್‌ಟ್ಸೆಲ್ ಮಠದ ಸನ್ಯಾಸಿನಿ ಮಾರಿಯಾ ರೆನಾಟಾ ಇದೇ ಆರೋಪಕ್ಕೆ ಬಲಿಯಾದರು. ಮಾಯೆಯಿರುವ ಕತೆ ಬರೆಯುವವರಿಗೆ ‘ಅವರಲ್ಲಿ ಕೆಲವರು ನಿಜಕ್ಕೂ ಮಾಟಗಾತಿಯರು’ ಎನ್ನುವ ಆಸೆ ಬರುತ್ತದೆ. ಹಾಗೆ ಬರೆದರೆ ಕೊಂದವರು ಸರಿ ಎಂದಂತಾಯಿತು. ನಿಮ್ಮ ಲೋಕದಲ್ಲಿ ಮಾಯೆ ಇದ್ದರೂ ಅಂದು ಸತ್ತವರು ನಿರಪರಾಧಿಗಳೇ. ಹಾಗೆಯೇ 1945ರ ಮಾರ್ಚ್ 16ರ ರಾತ್ರಿ ಬಾಂಬಿಗೆ ಹಳೆಯ ಪಟ್ಟಣ ಬಹುಪಾಲು ಉರಿದುಹೋಯಿತು. ಇಂದು ಕಾಣುವ ಎಷ್ಟೋ ಗೋಡೆ ಮತ್ತೆ ಕಟ್ಟಿದ್ದು. ನೂರಾರು ವರ್ಷದ ಬೀದಿಮನೆಯಲ್ಲಿ ಕುಲದೇವತೆ ಇದ್ದಾಳೆ ಎನ್ನುವ ಮೊದಲು ಆ ಬೀದಿ ಉಳಿದಿತ್ತೇ ನೋಡಿ. ಗುಡ್ಡದ ಕಲ್ಲು, ನೆಲದಡಿಯ ಮಾಳಿಗೆ ಹೆಚ್ಚು ನಂಬಬಹುದಾದ ಜಾಗಗಳು.

ಕನ್ನಡದ ಪಾತ್ರವನ್ನು ಒತ್ತಾಯದಿಂದ ತರುವುದು ಬೇಡ. ನಿಜವಾದ ಎಳೆ ಬೇಕೆಂದರೆ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಬ್ರಾಕನ್‌ಹೈಮ್ ಎಂಬ ವೈನ್ ಊರಿನಲ್ಲಿ. ಆದರೆ ಅದು ವ್ಯುರ್ಟೆಂಬೆರ್ಗ್ ಸೀಮೆ, ಫ್ರಾಂಕೋನಿಯಾ ಅಲ್ಲ. ಅವರ ಕಾಗದ ಹುಡುಕುವ ಸಂಶೋಧಕಿಯನ್ನು ಅಲ್ಲಿಂದ ಇಲ್ಲಿಗೆ ಕರೆತರಲು ಬೇರೆ ಕಾರಣ ಬೇಕು.

ಉದ್ದ 40,000 ಪದ ಎಂದಿಟ್ಟುಕೊಂಡರೆ 2,000 ಪದಗಳ 20 ಅಧ್ಯಾಯ. ಪ್ರೇತದ ಮೂರೂ ಮಿತಿಗಳು ಐದನೆಯ ಅಧ್ಯಾಯದೊಳಗೆ ಓದುಗರಿಗೆ ಗೊತ್ತಾಗಬೇಕು, ಆಮೇಲೆ ಹೊಸ ನಿಯಮ ಸೇರಿಸಿದರೆ ಅದು ಮೋಸ. ‘ತೆಗೆದಲ್ಲೇ ಇಡು’ ಫಲಿಸದಿರುವುದು ಹತ್ತರ ಸುಮಾರಿಗೆ, ಕಲ್ಲು ಅಗೆಯುವುದು ಹದಿನೈದಕ್ಕೆ. ಅಗೆಯುವಾಗ ಸರ್ವೆಯವರೂ ಸೀಬನರೂ ಇರಲೇಬೇಕು. ಪತ್ತೇದಾರ ಒಬ್ಬನೇ ಗುದ್ದಲಿ ಹಿಡಿದರೆ ಸಾಕ್ಷ್ಯ ಕೆಡಿಸಿದವನಾಗುತ್ತಾನೆ. ಬ್ಯುರ್ಗರ್‌ಶ್ಪಿಟಾಲ್, ಯೂಲಿಯುಸ್‌ಶ್ಪಿಟಾಲ್, ಹೋಫ್‌ಕೆಲ್ಲರ್ ಇಂದಿಗೂ ನಡೆಯುತ್ತಿರುವ ವೈನ್ ಸಂಸ್ಥೆಗಳು. ಅವುಗಳ ಮುಂದೆ ನಿಮ್ಮ ಪಾತ್ರಗಳು ಹಾದುಹೋಗಲಿ, ಆದರೆ ಕೊಲೆಯ ಮಾಳಿಗೆಗೆ, ಊರಿಗೆ, ಆ ಏಳು ಮಂದಿಗೆ ಹೊಸ ಹೆಸರನ್ನೇ ಇಡಿ. ಇಟ್ಟ ಮೇಲೆ ನಕ್ಷೆಯಲ್ಲಿ ಹುಡುಕಿ, ಆ ಹೆಸರಿನ ತೋಟ ನಿಜಕ್ಕೂ ಇದ್ದರೆ ಬದಲಿಸಿ.